ಅನ್ವಯಿಕ ಗಣಿತದ ಒಬ್ಬ ಆಚಾರ್ಯ
(ಉಪಾಧ್ಯಾಯರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಗಣಿತವು ಪರೀಕ್ಷೆಯ ಕಂಟಕವೆಂದು ಕೆಲವರು ಹೇಳುವರು. ಲೋಕವ್ಯವಹಾರಕ್ಕೆ ಸಲ್ಲದ ಬುದ್ಧಿವಿಲಾಸವೆಂದು ಮತ್ತೆ ಕೆಲವರು. ವಕೀಲನಾದ ನನಗೆ ವಾದಕ್ಕಿಂತ ಸಾಕ್ಷ್ಯದಲ್ಲಿ ನಂಬಿಕೆ ಹೆಚ್ಚು. ಆದಕಾರಣ ಈ ಎರಡು ಮಾತುಗಳಿಗೂ ಎದುರಾಗಿ ಒಬ್ಬ ಆಚಾರ್ಯರ ಬಾಳನ್ನೇ ನಿಮ್ಮ ಮುಂದೆ ಸಾಕ್ಷಿಯಾಗಿ ನಿಲ್ಲಿಸುವೆನು.

ಪ್ರಭುಲಾಲ ಭಟ್ನಾಗರರು ೧೯೧೨ರಲ್ಲಿ ರಾಜಸ್ಥಾನದ ಕೋಟಾದಲ್ಲಿ ಜನಿಸಿದರು. ಜಯಪುರದಲ್ಲಿ ಓದಿ, ಅಲಹಾಬಾದಿನ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆಗೆ ತೊಡಗಿದರು. ಶುದ್ಧಗಣಿತದಲ್ಲಿ ಮೊದಲ ಹೆಜ್ಜೆಯಿಟ್ಟ ಅವರ ಮನಸ್ಸು ಕ್ರಮೇಣ ನಕ್ಷತ್ರಗಳ ಭೌತಶಾಸ್ತ್ರದ ಕಡೆಗೆ ತಿರುಗಿತು. ಬಳಿಕ ದಿಲ್ಲಿಯ ಸೈಂಟ್ ಸ್ಟೀಫನ್ಸ್ ಕಾಲೇಜಿನಲ್ಲಿ ಸುಮಾರು ಹದಿನೈದು ವರ್ಷ ಪಾಠ ಹೇಳಿದರು. ಪಾಠದ ಹೊರೆಯಿದ್ದರೆ ಸಂಶೋಧನೆ ಸಾಗದೆಂಬ ನೆವವನ್ನು ಅವರು ಒಡ್ಡಲಿಲ್ಲ.

ಅವರಿಗೆ ಲೋಕಖ್ಯಾತಿ ತಂದ ಕಾರ್ಯವು ೧೯೫೪ರಲ್ಲಿ ಪ್ರಕಟವಾಯಿತು. ಅಮೆರಿಕೆಗೆ ಹೋಗಿದ್ದಾಗ ಗ್ರಾಸ್, ಕ್ರೂಕ್ ಎಂಬ ಇಬ್ಬರು ವಿದ್ವಾಂಸರೊಡನೆ ಕೂಡಿ ನಡೆಸಿದ ಕಾರ್ಯವದು. ಅನಿಲದಲ್ಲಿ ಎಣಿಕೆಗೆ ನಿಲುಕದಷ್ಟು ಅಣುಗಳು ಒಂದನ್ನೊಂದು ತಾಕುತ್ತಿರುವುವು. ಅವುಗಳ ನಡವಳಿಕೆಗೆ ಬೋಲ್ಟ್ಸ್‌ಮನ್ ಎಂಬ ಪಂಡಿತನು ೧೮೭೨ರಲ್ಲಿಯೇ ಸಮೀಕರಣವನ್ನು ಬರೆದಿದ್ದನು. ಆದರೆ ಘರ್ಷಣೆಯನ್ನು ಹೇಳುವ ಅದರ ಭಾಗವು ಅತ್ಯಂತ ಜಟಿಲವಾದುದು. ಈ ಮೂವರು ಹೀಗೆ ಯೋಚಿಸಿದರು: ಘರ್ಷಣೆಗಳ ವಿವರ ಏನೇ ಇರಲಿ, ಅವುಗಳ ಒಟ್ಟು ಫಲವು ಅನಿಲವನ್ನು ಸಮಸ್ಥಿತಿಗೆ ತರುವುದೇ ಅಲ್ಲವೆ? ಹಂಡೆಯ ಬಿಸಿನೀರು ಸುತ್ತಲಿನ ಗಾಳಿಗಿಂತ ಎಷ್ಟು ಹೆಚ್ಚು ಬಿಸಿಯೋ ಅಷ್ಟು ಬೇಗ ಆರುವುದು. ಅಂತೆಯೇ ಅನಿಲವೂ ಸಮಸ್ಥಿತಿಯಿಂದ ಎಷ್ಟು ದೂರವೋ ಅಷ್ಟು ವೇಗದಿಂದ ಅದರೆಡೆಗೆ ಮರಳುವುದೆಂದು ಭಾವಿಸಿದರು. ಮೂವರ ಹೆಸರಿನ ಮೊದಲಕ್ಷರಗಳಿಂದ ಅದು ಬಿ.ಜಿ.ಕೆ. ಮಾದರಿಯೆನಿಸಿತು. ೧೯೯೦ರ ದಶಕದಿಂದೀಚೆಗೆ ದ್ರವಾನಿಲಗಳ ಹರಿವನ್ನು ಗಣಕಯಂತ್ರದಿಂದ ಲೆಕ್ಕಹಾಕುವ ಒಂದು ಪ್ರಸಿದ್ಧ ಕ್ರಮಕ್ಕೂ ಅದೇ ತಳಹದಿಯಾಯಿತು.

ಇದು ಗಣಿತವಲ್ಲ, ಅಂದಾಜು ಎಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ಅವರು ಕೈಬಿಟ್ಟುದು ಘರ್ಷಣೆಯ ವಿವರವನ್ನು ಮಾತ್ರ. ಅಣುಗಳ ಸಂಖ್ಯೆ, ಸಂವೇಗ, ಶಕ್ತಿ ಈ ಮೂರೂ ನಷ್ಟವಾಗದಂತೆ ಕಟ್ಟುನಿಟ್ಟಾಗಿ ಕಾಪಾಡಿದರು. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಲಾಗದು ಎಂಬ ವಿವೇಕವೇ ಅನ್ವಯಿಕ ಗಣಿತದ ಜೀವಾಳ.

೧೯೫೬ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅನ್ವಯಿಕ ಗಣಿತದ ಪ್ರಾಧ್ಯಾಪಕರಾಗಿ ಬಂದರು. ಹೊಸ ವಿಭಾಗವನ್ನು ಕಟ್ಟಿದರು. ೧೯೬೯ರವರೆಗೆ ಇಲ್ಲಿದ್ದು ಶಿಷ್ಯಪರಂಪರೆಯನ್ನು ಬೆಳೆಸಿದರು. ೧೯೬೮ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂದಿತು. ಅಷ್ಟು ದೊಡ್ಡ ವಿದ್ವಾಂಸರು ಶಾಲೆಯ ಮಕ್ಕಳನ್ನು ಮರೆಯಲಿಲ್ಲ. ಆ ದಶಕದ ಕೊನೆಗೆ ಬೆಂಗಳೂರಿನಲ್ಲಿ ಗಣಿತ ಒಲಿಂಪಿಯಾಡ್ ಸ್ಪರ್ಧೆಯನ್ನು ಮೊದಲುಮಾಡಿದವರೂ ಅವರೇ. ಮುಂದೆ ರಾಜಸ್ಥಾನದ ವಿಶ್ವವಿದ್ಯಾನಿಲಯಕ್ಕೆ ಉಪಕುಲಪತಿಗಳಾಗಿ, ೧೯೭೬ರಲ್ಲಿ ಕಾಲವಾದರು.

ಉಪಾಧ್ಯಾಯ ಬಂಧುಗಳೇ, ನಮ್ಮ ಕಾಲೇಜುಗಳಲ್ಲಿ ವಿದ್ಯಾರ್ಥಿಯು ಕೊಟ್ಟ ಸಮೀಕರಣವನ್ನು ಬಿಡಿಸಲು ಕಲಿಯುವನು; ಸಮೀಕರಣವನ್ನು ಕಟ್ಟಲು ಕಲಿಯನು. ಆದುದರಿಂದಲೇ ಪದವಿಯ ಕಾಗದ ಕೈಸೇರಿದ ಮರುದಿನ ಗಣಿತವು ಅವನ ಪಾಲಿಗೆ ಸತ್ತುಹೋಗುವುದು. ಈ ನಷ್ಟವನ್ನು ತಡೆಯುವ ಶಕ್ತಿಯು ಸರಕಾರದ ಸುತ್ತೋಲೆಗಿಲ್ಲ, ನಿಮಗಿದೆ. ಹಂಡೆಯ ನೀರು ಆರುವುದನ್ನು ಮಗುವಿಗೆ ಮೊದಲು ತೋರಿಸಿರಿ. ಯಾವುದು ಎಷ್ಟು ಬೇಗ ಬದಲಾಗುತ್ತಿದೆ, ಏತಕ್ಕೆ ಎಂದು ಕೇಳಿರಿ. ಸೂತ್ರವನ್ನು ಆಮೇಲೆ ಬರೆಯಿರಿ. ಪ್ರಶ್ನೆಯನ್ನು ತಾನೇ ಕಂಡ ಮಗುವು ಉತ್ತರವನ್ನು ಬಾಯಿಪಾಠ ಮಾಡಬೇಕಾಗಿಲ್ಲ.