ಬಿಸಿಯೂಟದ ಖಾಲಾ ಅವರನ್ನು ನೆನೆದು
(ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣೆಯ ದಿನ ಮಾಡಿದ ಭಾಷಣ)





ವರದಿ ಓದಿದ್ದಾಯಿತು, ಲೆಕ್ಕಪತ್ರ ಒಪ್ಪಿದ್ದಾಯಿತು. ಈಗ ಒಬ್ಬ ತಾಯಿಯನ್ನು ನೆನೆಯುವುದು ನಮ್ಮ ಕರ್ತವ್ಯ. ಕಳೆದ ಚಳಿಗಾಲದಲ್ಲಿ ಅಲ್ಲಾಹನ ಕರೆಗೆ ಓಗೊಟ್ಟ ಆ ಮರ್ಹೂಮಾ ನಾವು ಪಾಠ ಮಾಡಿದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಇಪ್ಪತ್ತು ವರ್ಷ ಬಿಸಿಯೂಟ ಬೇಯಿಸಿದವರು. ಹೆಸರು ಹೇಳಬೇಡಿರೆಂದು ಅವರ ಮಕ್ಕಳು ಕೇಳಿಕೊಂಡಿದ್ದಾರೆ. ಶಾಲೆಯ ಮಕ್ಕಳು, ಯಾವ ಓಣಿಯವರೇ ಇರಲಿ, ಅವರನ್ನು ಖಾಲಾ ಎಂದೇ ಕರೆಯುತ್ತಿದ್ದರು. ನಾವೂ ಹಾಗೆಯೇ ಕರೆಯುತ್ತೇವೆ.

ಅಕ್ಷರ ದಾಸೋಹ ಯೋಜನೆ 2002ರಲ್ಲಿ ಮೊದಲು ಶುರುವಾದದ್ದು ರಾಜ್ಯದ ಏಳು ಜಿಲ್ಲೆಗಳಲ್ಲಿ. ನಮ್ಮ ರಾಯಚೂರು ಅವುಗಳಲ್ಲಿ ಒಂದು. ಆ ವರ್ಷವೇ ಖಾಲಾ ಕೆಲಸಕ್ಕೆ ಸೇರಿದರು. ಯಜಮಾನರು ತೀರಿಹೋಗಿದ್ದರು, ಮನೆಯಲ್ಲಿ ಮೂರು ಮಕ್ಕಳಿದ್ದರು. ಆಗ ಅಡುಗೆ ಕೋಣೆ ಇರಲಿಲ್ಲ. ತಗಡಿನ ಚಪ್ಪರದ ಕೆಳಗೆ ಮೂರು ಕಲ್ಲು, ಹಸಿ ಸೌದೆ, ಕಣ್ಣು ಉರಿಸುವ ಹೊಗೆ. ಐದನೇ ತರಗತಿವರೆಗಿನ ಮಗುವಿಗೆ 100 ಗ್ರಾಂ ಅಕ್ಕಿ, ಅದಕ್ಕೆ ಮೇಲಿನವರಿಗೆ 150 ಗ್ರಾಂ ಎಂಬುದು ಲೆಕ್ಕ. ಹಾಜರಿ ನೋಡಿ ನಾವು ಸಂಖ್ಯೆ ಹೇಳುತ್ತಿದ್ದೆವು. ಖಾಲಾ ಆ ಸಂಖ್ಯೆ ಕೇಳಿ ಸುಮ್ಮನಾಗುತ್ತಿರಲಿಲ್ಲ. "ಇವತ್ತು ಯಾರು ಬಂದಿಲ್ರಿ ಸರ್?" ಎಂದು ಹೆಸರು ಕೇಳುತ್ತಿದ್ದರು. ನಮ್ಮ ಪಾಲಿಗೆ ಗೈರುಹಾಜರಿ ಒಂದು ಗುರುತು. ಅವರ ಪಾಲಿಗೆ ಅದು ಊಟಕ್ಕೆ ಬಾರದ ಒಂದು ಮಗು.

ಒಮ್ಮೆ ಆರನೇ ತರಗತಿಯ ಹುಡುಗಿಯೊಬ್ಬಳು ಹತ್ತಿ ಬಿಡಿಸುವ ಹಂಗಾಮಿನಲ್ಲಿ ಶಾಲೆ ಬಿಟ್ಟಳು. ಹೆಸರು ಹೊಡೆಯಲು ನಾವು ಹಾಜರಿ ಪುಸ್ತಕ ತೆರೆದಿದ್ದೆವು. "ಎಂಟು ದಿನ ತಡೀರಿ ಸರ್, ಹೆಸರು ಹೊಡೀಬ್ಯಾಡ್ರಿ" ಎಂದರು ಖಾಲಾ. ಮುಂದಿನ ವಾರ ಹುಡುಗಿ ತರಗತಿಯಲ್ಲಿದ್ದಳು. ಹೇಗೆ ಎಂದು ನಾವು ಕೇಳಲಿಲ್ಲ. ಮೊನ್ನೆ ಮಯ್ಯತ್ತಿನ ಮನೆಗೆ ಬಂದಿದ್ದ ಅದೇ ಹುಡುಗಿ, ಈಗ ಎರಡು ಮಕ್ಕಳ ತಾಯಿ, ತಾನೇ ಹೇಳಿದಳು: "ನಮ್ಮವ್ವನ ಜೋಡಿ ಜಗಳಾಡ್ಲಿಲ್ರಿ. ಭಾನುವಾರ ಹೊಲಕ್ಕೆ ಬಂದು ನನ್ನ ಪಾಲಿನ ಹತ್ತಿ ತಾವೇ ಬಿಡಿಸಿದ್ರು. ಸಂಜಿ ಮುಂದ, ಇನ್ನ ನಾಳೆ ಸಾಲಿಗೆ ಕಳಸವ್ವ ಅಂದ್ರು."

ಇನ್ನು ನಮ್ಮ ತಪ್ಪಿನ ಮಾತು. ಇದನ್ನು ವರದಿಯಲ್ಲಿ ಬರೆದಿಲ್ಲ, ಆದರೆ ಈ ಸಭೆಯಲ್ಲಿ ಹೇಳಲೇಬೇಕು.

ಖಾಲಾ ಅವರ ಹಿರಿಯ ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದಾಗ ನಮ್ಮ ಟ್ರಸ್ಟಿಗೆ ಅರ್ಜಿ ಹಾಕಿದ್ದಳು. ಆದಾಯ ಪ್ರಮಾಣಪತ್ರ ಇರಲಿಲ್ಲ. "ದಾಖಲೆ ಅಪೂರ್ಣ" ಎಂದು ಕೆಂಪು ಶಾಯಿಯಲ್ಲಿ ಬರೆದು ಅರ್ಜಿ ಹಿಂದಿರುಗಿಸಿದವರು ನಾವೇ. ಮರುದಿನವೂ ಖಾಲಾ ಎಂದಿನಂತೆ ರುಚಿ ನೋಡಲು ನಮ್ಮ ಮುಂದೆ ಸಾರು ಅನ್ನ ತಂದಿಟ್ಟರು. ಒಂದು ಮಾತನ್ನೂ ಆಡಲಿಲ್ಲ. ಆ ಮಗಳು ಕಾಲೇಜು ಸೇರಲಾಗದೆ ಒಂದು ವರ್ಷ ಮನೆಯಲ್ಲಿ ಕುಳಿತು ರವಿಕೆ ಹೊಲಿದಳು.

ಕಾರಣ ನಮಗೆ ತಿಳಿದದ್ದು ಆಮೇಲೆ, ಜೊತೆಯ ಅಡುಗೆಯವರಿಂದ. ನಾಡಕಚೇರಿ ತೆರೆದಿರುವ ಹೊತ್ತೆಂದರೆ ಖಾಲಾ ಒಲೆಯ ಮುಂದಿರುವ ಹೊತ್ತು. ಒಂದು ದಿನ ತಪ್ಪಿಸಿದರೆ ತಮ್ಮ ಬದಲಿಗೆ ಇನ್ನೊಬ್ಬರನ್ನು ತಾವೇ ಹುಡುಕಿ ಕೂಲಿ ಕೊಡಬೇಕು. ಎರಡು ಸಲ ಹೋಗಿ ಬಂದಿದ್ದರು, ಮೂರನೇ ಸಲ ಹೋಗಲಾಗಲಿಲ್ಲ. ಅವರು ದಿನವೂ ನಮ್ಮ ಕಣ್ಣೆದುರೇ ಇದ್ದರು. ಒಂದು ಮಾತು ಕೇಳಿದ್ದರೆ ಸಾಕಿತ್ತು. ಶಾಲೆ ಬಿಟ್ಟ ಮಗುವಿಗಾಗಿ ಅವರು ಹೊಲದವರೆಗೆ ನಡೆದರು. ಅವರ ಮಗಳಿಗಾಗಿ ನಾವು ಅಡುಗೆ ಕೋಣೆಯವರೆಗೂ ನಡೆಯಲಿಲ್ಲ.

ಮರುವರ್ಷ ಟ್ರಸ್ಟಿನ ನೆರವು ಸಿಕ್ಕಿತು. ಆ ಮಗಳು ಇಂದು ನರ್ಸ್ ಆಗಿದ್ದಾಳೆ, ಅಲ್‌ಹಮ್ದುಲಿಲ್ಲಾಹ್. ಆದರೆ ಕಳೆದ ಆ ಒಂದು ವರ್ಷವನ್ನು ನಾವು ಹಿಂದಕ್ಕೆ ಕೊಡಲಾರೆವು.

ಶಾಲೆಯ ಅಡುಗೆಯವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. 2009ರ ಕೊನೆಯಲ್ಲಿ ಕೇಂದ್ರ ಸರ್ಕಾರ ಅದನ್ನು ತಿಂಗಳಿಗೆ 1,000 ರೂಪಾಯಿ ಎಂದು ಗೊತ್ತುಮಾಡಿತು, ಅದೂ ವರ್ಷಕ್ಕೆ ಹತ್ತು ತಿಂಗಳಿಗೆ. ಆಮೇಲೆ ರಾಜ್ಯದ ಪಾಲು ಸೇರಿ ಸ್ವಲ್ಪ ಏರಿತು. 2013ರಲ್ಲಿ ಕ್ಷೀರಭಾಗ್ಯ ಬಂದಾಗ ಹಾಲು ಕಾಯಿಸಲು ಬೆಳಿಗ್ಗೆ ಇನ್ನೂ ಬೇಗ ಬರಬೇಕಾಯಿತು. ಮೊದಮೊದಲು ಹೆಬ್ಬೆಟ್ಟು ಒತ್ತುತ್ತಿದ್ದ ಖಾಲಾ, ಕಿರಿಯ ಮಗಳಿಂದ ಕಲಿತು ಕನ್ನಡದಲ್ಲಿ ಸಹಿ ಮಾಡಲು ಶುರುಮಾಡಿದರು. ಅರವತ್ತು ತುಂಬಿದ ದಿನ ಅದೇ ಸಹಿ ಹಾಕಿ ಮನೆಗೆ ನಡೆದರು. ಪಿಂಚಣಿ ಇಲ್ಲ. ನಾವು ನಿವೃತ್ತರಾದಾಗ ಹಾರ, ಶಾಲು, ತಿಂಗಳು ತಿಂಗಳು ಪಿಂಚಣಿ ಎಲ್ಲವೂ ಸಿಕ್ಕಿತು. ಅವರಿಗೆ ಒಂದು ಶಾಲು ಹೊದಿಸಲೂ ನಮಗೆ ನೆನಪಾಗಲಿಲ್ಲ.

ಅವರ ನಿಧನದ ನಂತರ ಮಕ್ಕಳು ಮೂವರೂ ಟ್ರಸ್ಟಿಗೆ ಬಂದರು. ತಾಯಿಯ ಹೆಸರಿನಲ್ಲಿ ಈಸಾಲೆ ಸವಾಬ್‌ಗೆ ದೊಡ್ಡ ಊಟ ಹಾಕಿಸುವ ಬದಲು ಆ ಹಣವನ್ನು ವಿದ್ಯಾರ್ಥಿವೇತನಕ್ಕೆ ಕೊಡುತ್ತೇವೆ ಎಂದರು. "ಅಮ್ಮಿ ಸಾವಿರಾರು ಮಕ್ಕಳಿಗೆ ಊಟ ಹಾಕಿದ್ದಾರೆ, ಊಟ ಆಯ್ತು, ಇನ್ನು ಓದು ಆಗ್ಲಿ" ಎಂದಳು ನರ್ಸ್ ಮಗಳು.

ಆದ್ದರಿಂದ ಸಮಿತಿ ಈ ವರ್ಷದಿಂದ ಮೂರು ಬದಲಾವಣೆ ಮಾಡಿದೆ. ಪ್ರಕಟಣೆಯಲ್ಲಿಯೂ ಅವು ಇವೆ, ದಯವಿಟ್ಟು ಗಮನಿಸಿ. ಒಂದು, ಬಿಸಿಯೂಟದ ಅಡುಗೆಯವರು, ಅಂಗನವಾಡಿ ಸಹಾಯಕಿಯರು, ಶಾಲೆಯ ಆಯಾಗಳ ಮಕ್ಕಳಿಗೆ ಪ್ರತ್ಯೇಕ ವಿದ್ಯಾರ್ಥಿವೇತನ. ಇದು ಝಕಾತ್ ನಿಧಿಯಿಂದಲ್ಲ, ಸಾಮಾನ್ಯ ನಿಧಿಯಿಂದ. ಯಾವ ಜಾತಿ ಧರ್ಮದವರಾದರೂ ಅರ್ಜಿ ಹಾಕಬಹುದು. ಎರಡು, ದಾಖಲೆ ಕಡಿಮೆ ಇದೆ ಎಂದು ಯಾವ ಅರ್ಜಿಯನ್ನೂ ಹಿಂದಿರುಗಿಸುವುದಿಲ್ಲ. ಅರ್ಜಿ ಇಟ್ಟುಕೊಂಡು, ದಾಖಲೆ ತರಲು ಸಮಯ ಕೊಡುತ್ತೇವೆ. ಮೂರು, ನಮ್ಮ ಕಚೇರಿ ಭಾನುವಾರವೂ ತೆರೆದಿರುತ್ತದೆ. ಬರಲಾಗದವರ ಮನೆಗೆ ನಮ್ಮಲ್ಲೊಬ್ಬರು ಹೋಗುತ್ತೇವೆ. ನಿವೃತ್ತ ಶಿಕ್ಷಕರಾದ ನಮಗೆ ಬಿಡುವಿದೆ, ಕಾಲಿನಲ್ಲಿ ಇನ್ನೂ ಶಕ್ತಿಯಿದೆ.

ಮಕ್ಕಳೇ, ಇಂದು ಚೆಕ್ ಪಡೆದು ಮನೆಗೆ ಹೋದಮೇಲೆ ನಾಳೆ ನಿಮ್ಮ ಶಾಲೆಯ ಅಡುಗೆ ಕೋಣೆಯ ಕಡೆ ಒಮ್ಮೆ ಹೋಗಿ. ಅಲ್ಲಿರುವ ತಾಯಿಗೆ ಸಲಾಮೋ ನಮಸ್ಕಾರವೋ ಹೇಳಿ. ಅವರಿಗೂ ಓದುವ ಮಕ್ಕಳಿದ್ದಾರೆಯೇ ಎಂದು ಕೇಳಿ. ಇದ್ದರೆ ನಮಗೆ ತಿಳಿಸಿ.

ಅಲ್ಲಾಹನು ಖಾಲಾ ಅವರಿಗೆ ಮಗ್ಫಿರತ್ ನೀಡಲಿ, ಅವರ ಮಕ್ಕಳಿಗೆ ಸಬ್ರ್ ಕೊಡಲಿ, ನಮ್ಮ ತಪ್ಪನ್ನು ಮನ್ನಿಸಲಿ. ಆಮೀನ್.