ಒಂಟಿ ಕೈಗೆ ಮನೆಯ ಸಾಮಗ್ರಿಯೇ ನೆರವು

ನವಿ ಮುಂಬಯಿಯ ಕೋಪರಖೈರಣೆ ಥಾಣೆ-ಬೇಲಾಪುರ ಕೈಗಾರಿಕಾ ಪಟ್ಟಿಗೆ ಹೊಂದಿಕೊಂಡಿದೆ. ದುಡಿಮೆಗಾಗಿ ಊರು ಬಿಟ್ಟು ಬಂದು ಒಂದೇ ಕೋಣೆಯಲ್ಲಿ ಒಂಟಿಯಾಗಿ ಬಾಳುವವರು ಇಲ್ಲಿದ್ದಾರೆ. ಅಂಥವರ ಬಲ ಮಣಿಕಟ್ಟು ಮುರಿದು ಪ್ಲಾಸ್ಟರ್ ಹಾಕಿದರೆ, ಅನ್ನ ಕಲಸುವುದೂ ಅಂಗಿ ತೊಡುವುದೂ ಸಮಸ್ಯೆಗಳೇ. ಮೂಳೆ ಕೂಡಲು ಸಾಮಾನ್ಯವಾಗಿ ಸುಮಾರು 6 ವಾರ ಬೇಕು. ಅಷ್ಟು ಕಾಲ ನೆರೆಯವರನ್ನೇ ಆಶ್ರಯಿಸಲು ಸಂಕೋಚವಾಗುವುದು ಸಹಜ.

ಪರಿಹಾರ ಬಹುಮಟ್ಟಿಗೆ ಮನೆಯಲ್ಲಿಯೇ ಇದೆ. ತಟ್ಟೆಯ ಅಡಿಯಲ್ಲಿ ಒದ್ದೆ ಬಟ್ಟೆ ಹಾಸಿದರೆ ಅದು ಜಾರುವುದಿಲ್ಲ. ಸೀಸೆಯನ್ನು ಮಂಡಿಗಳ ನಡುವೆ ಹಿಡಿದು ಮುಚ್ಚಳ ತಿರುಗಿಸಬಹುದು. ಅಂಗಿ ತೊಡುವಾಗ ನೊಂದ ಕೈಯನ್ನು ಮೊದಲು ತೂರಿಸಬೇಕು. ಕಳಚುವಾಗ ಅದನ್ನು ಕೊನೆಗೆ ಬಿಡಿಸಬೇಕು. ಪ್ಲಾಸ್ಟರ್‌ಗೆ ಪ್ಲಾಸ್ಟಿಕ್ ಚೀಲ ತೊಡಿಸಿ, ಅದರ ಬಾಯನ್ನು ಅಂಟುಪಟ್ಟಿಯಿಂದ ಭದ್ರಪಡಿಸಿ, ಸ್ಟೂಲಿನ ಮೇಲೆ ಕುಳಿತು ಸ್ನಾನ ಮಾಡುವುದು ಕ್ಷೇಮ. ಮಲಗಿದಾಗ ಕೈಯನ್ನು ದಿಂಬುಗಳ ಮೇಲೆ ಹೃದಯದ ಮಟ್ಟಕ್ಕಿಂತ ಎತ್ತರದಲ್ಲಿರಿಸಿದರೆ ಬಾವು ಇಳಿಯಲು ಅನುಕೂಲ.

ಆದರೆ ಈ ಜಾಣ್ಮೆಗೂ ಮಿತಿಯುಂಟು. ತುರಿಕೆಯೆಂದು ಪ್ಲಾಸ್ಟರ್‌ನೊಳಗೆ ಕಡ್ಡಿ ತೂರಿಸಬಾರದು. ಚರ್ಮ ಗಾಯಗೊಂಡು ಕೀವಾದೀತು. ನೋವು ಏರುತ್ತಲೇ ಹೋದರೆ, ಬೆರಳುಗಳು ಜೋಮು ಹಿಡಿದರೆ, ನೀಲಿಗಟ್ಟಿದರೆ ಅಥವಾ ಆಡದಂತಾದರೆ, ರಕ್ತಸಂಚಾರಕ್ಕೆ ಅಡ್ಡಿಯಾಗಿರುವ ಸಂಭವವಿದೆ. ಆಗ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಸಂಕೋಚ ತೊರೆದು ನೆರೆಮನೆಯ ಬಾಗಿಲು ತಟ್ಟಬೇಕಾದ ಗಳಿಗೆ ಅದೇ.