ಹೆಣ್ಣುಮಗು ಮಿತಿಮೀರಿ ಎತ್ತರ ಬೆಳೆದರೆ
(ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ನಾನು ವೈದ್ಯೆಯಲ್ಲ, ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿ. ಆದರೆ ಮಕ್ಕಳ ಎತ್ತರ, ತೂಕ ಅಳೆದು ರಿಜಿಸ್ಟರಿನಲ್ಲಿ ಬರೆಯುವವರು ನಾವೇ. ಬರೆದ ಅಂಕಿಗಳನ್ನು ಓದಲೂ ಕಲಿಯಬೇಕಲ್ಲವೆ?

ಹುಡುಗಿ ಓರಗೆಯವರಿಗಿಂತ ಒಂದು ಗೇಣು ಎತ್ತರವಾದರೆ ಸಾಕು, ಮನೆಯಲ್ಲಿ "ಇವಳಿಗೆ ರಿಶ್ತಾ ಎಲ್ಲಿಂದ ತರೋದು" ಎಂಬ ಚಿಂತೆ. ತರಗತಿಯಲ್ಲಿ "ಒಂಟೆ" ಎಂಬ ಅಡ್ಡಹೆಸರು. ಪಾಪ, ಅವಳು ಬೆನ್ನು ಬಗ್ಗಿಸಿ ನಡೆಯಲು ಕಲಿಯುತ್ತಾಳೆ. ಇಂಥ ಹುಡುಗಿಯರಲ್ಲಿ ಹೆಚ್ಚಿನವರಿಗೆ ಯಾವ ಕಾಯಿಲೆಯೂ ಇರುವುದಿಲ್ಲ. ಅಮ್ಮಿ, ಅಬ್ಬಾ ಎತ್ತರವಿದ್ದರೆ ಮಗಳೂ ಎತ್ತರ. ವೈದ್ಯರು ಒಂದು ಲೆಕ್ಕ ಹಾಕುತ್ತಾರೆ: ತಂದೆತಾಯಿಯರ ಎತ್ತರ ಕೂಡಿಸಿ, 13 ಸೆಂ.ಮೀ. ಕಳೆದು, ಎರಡರಿಂದ ಭಾಗಿಸಿ. ತಂದೆ 175, ತಾಯಿ 162 ಇದ್ದರೆ ಮಗಳು ಸುಮಾರು 162. ಏಳೆಂಟು ಸೆಂ.ಮೀ. ಆಚೀಚೆ ಆಗಬಹುದು.

ಒಂದು ಸಲದ ಅಳತೆಗಿಂತ ವರ್ಷಕ್ಕೆಷ್ಟು ಬೆಳೆದಳು ಎಂಬುದು ಮುಖ್ಯ. ಪ್ರಾಥಮಿಕ ಶಾಲೆಯ ವಯಸ್ಸಿನಲ್ಲಿ ವರ್ಷಕ್ಕೆ 5-6 ಸೆಂ.ಮೀ., ಪ್ರಾಯಕ್ಕೆ ಬರುವಾಗ ಸುಮಾರು 8. ಮುಟ್ಟು ಆರಂಭವಾದ ಮೇಲೆ ವೇಗ ತಗ್ಗುತ್ತದೆ. ಮೂರನೇ ತರಗತಿಯ ಮಗು ಒಂದೇ ವರ್ಷದಲ್ಲಿ 10 ಸೆಂ.ಮೀ. ಬೆಳೆದರೆ ವೈದ್ಯರಿಗೆ ತೋರಿಸಿ. 8 ವರ್ಷದೊಳಗೆ ಎದೆ ಬೆಳೆಯತೊಡಗಿದರೂ ತೋರಿಸಿ. ಆ ಮಗು ಈಗ ಎತ್ತರ ಕಂಡರೂ ಮೂಳೆಗಳ ಬೆಳವಣಿಗೆ ಬೇಗ ಮುಗಿದು ಮುಂದೆ ಗಿಡ್ಡವಾಗಬಹುದು. ಎಡಗೈಯ ಎಕ್ಸ್‌ರೇಯಿಂದ ಮೂಳೆಯ ವಯಸ್ಸು ತಿಳಿಯುತ್ತದೆ.

ಬಹಳ ಅಪರೂಪಕ್ಕೆ ಕಾರಣ ಬೇರೆ ಇರುತ್ತದೆ. ಮೆದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆಯಾಗಿ ಬೆಳವಣಿಗೆಯ ಹಾರ್ಮೋನು ಅತಿಯಾಗಿ ಸುರಿಯುತ್ತದೆ. ಆಗ ಎತ್ತರವೊಂದೇ ಅಲ್ಲ. ಚಪ್ಪಲಿಯ ಅಳತೆ ಪದೇ ಪದೇ ಬದಲಾಗುತ್ತದೆ, ದವಡೆ ದಪ್ಪವಾಗುತ್ತದೆ, ಹಲ್ಲುಗಳ ನಡುವೆ ಸಂದು ಬೀಳುತ್ತದೆ, ವಿಪರೀತ ಬೆವರು, ತಲೆನೋವು. ಮುಟ್ಟು ಬರದೆಯೇ ಇರಬಹುದು. ಪಕ್ಕದಿಂದ ಬಂದವರು ಕಾಣದೆ ಡಿಕ್ಕಿ ಹೊಡೆಯುತ್ತಿದ್ದರೆ ತಡಮಾಡಬೇಡಿ, ಗಡ್ಡೆ ಕಣ್ಣಿನ ನರವನ್ನು ಒತ್ತುತ್ತಿರಬಹುದು.

ಈ ಹಾರ್ಮೋನು ರಕ್ತದಲ್ಲಿ ಗಳಿಗೆಗೊಮ್ಮೆ ಏರಿಳಿಯುವುದರಿಂದ ಅದನ್ನು ಒಮ್ಮೆ ಅಳೆದರೆ ಏನೂ ತಿಳಿಯದು. ಮೊದಲು ಐಜಿಎಫ್-1 ಪರೀಕ್ಷೆ ಮಾಡಿ, ವಯಸ್ಸಿಗೆ ತಕ್ಕ ಮಟ್ಟದೊಂದಿಗೆ ಹೋಲಿಸುತ್ತಾರೆ. ಅದು ಹೆಚ್ಚಿದ್ದರೆ ಗ್ಲೂಕೋಸ್ ಕುಡಿಸಿ ನೋಡುತ್ತಾರೆ. ಸಾಮಾನ್ಯವಾಗಿ ಹಾರ್ಮೋನು ಇಳಿಯಬೇಕು, ಕಾಯಿಲೆಯಿದ್ದರೆ ಇಳಿಯದು. ಪ್ರಾಯದ ಎತ್ತರದ ಹುಡುಗಿಯರಲ್ಲಿ ಕಾಯಿಲೆಯಿಲ್ಲದೆಯೂ ಕೆಲವೊಮ್ಮೆ ಇಳಿಯುವುದಿಲ್ಲ, ಆದ್ದರಿಂದ ಒಂದೇ ಕಾಗದ ಹಿಡಿದು ಗಾಬರಿಯಾಗಬೇಡಿ. ಕೊನೆಗೆ ಎಂಆರ್‌ಐ. ಗಡ್ಡೆ ಕಂಡರೆ ಸಾಮಾನ್ಯವಾಗಿ ಮೂಗಿನ ಮೂಲಕವೇ ತೆಗೆಯುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಶಸ್ತ್ರಚಿಕಿತ್ಸೆಯಿದೆ.

ಅಮೆರಿಕದ ಸ್ಯಾಂಡಿ ಅಲೆನ್ 231 ಸೆಂ.ಮೀ. ದಾಟಿದ್ದರು. 1977ರಲ್ಲಿ ಶಸ್ತ್ರಚಿಕಿತ್ಸೆಯಾದ ಮೇಲೆಯೇ ಅವರ ಬೆಳವಣಿಗೆ ನಿಂತಿತು. ಟರ್ಕಿಯ ರುಮೇಸಾ ಗೆಲ್ಗಿ 215 ಸೆಂ.ಮೀ. ಎತ್ತರ, ಅವರಿಗಿರುವುದು ವೀವರ್ ಸಿಂಡ್ರೋಮ್ ಎಂಬ ಹುಟ್ಟು ದೋಷ. ಹೊರಗಿನಿಂದ ನೋಡಿ ಕಾರಣ ಹೇಳಲಾಗದು.

ಇನ್ನೊಂದು ಮಾತು. ಮದುವೆಯ ಚಿಂತೆಗೆ ಎತ್ತರ ತಡೆಯುವ ಔಷಧಿ ಹುಡುಕಬೇಡಿ. ಆಸ್ಟ್ರೇಲಿಯಾದಲ್ಲಿ ಹಿಂದೆ ಆರೋಗ್ಯವಂತ ಎತ್ತರದ ಹುಡುಗಿಯರಿಗೆ ಈಸ್ಟ್ರೋಜನ್ ಕೊಡುತ್ತಿದ್ದರು. ಅವರಲ್ಲಿ ಅನೇಕರಿಗೆ ಮುಂದೆ ಗರ್ಭ ಧರಿಸಲು ತೊಂದರೆಯಾಯಿತೆಂದು 2004ರ ಅಧ್ಯಯನ ತೋರಿಸಿತು.

ತಾಯಂದಿರೆ, ವೈದ್ಯರ ಬಳಿ ಹೋಗುವಾಗ ಮಗಳ ಹಿಂದಿನ ವರ್ಷಗಳ ಎತ್ತರ ಬರೆದುಕೊಂಡು ಹೋಗಿ. ಶಾಲೆಗೆ ಬಂದು ಕೇಳಿದರೆ ನಾವೇ ಬರೆದು ಕೊಡುತ್ತೇವೆ. ಮಕ್ಕಳೆ, ಅಳೆಯುವ ದಿನ ಚಪ್ಪಲಿ ಬಿಟ್ಟು, ಬೆನ್ನು ನೆಟ್ಟಗೆ ಮಾಡಿ ನಿಲ್ಲಿ.